ಬಡಿಸುವ ಕೈಗೂ ತಿಳಿದಿರಲಿ

ಈ ಸಲದ ನಾಗರ ಪಂಚಮಿಗೆ ಧಾರವಾಡದಲ್ಲಿದ್ದೆ. ಬರ್ಮಿಂಗ್‌ಹ್ಯಾಮಿಗೆ ಹೋಗಿ 14 ವರ್ಷ ಆಯಿತು, ಅಷ್ಟರಲ್ಲಿ ಪಂಚಮಿಗೆ ಊರಿಗೆ ಬಂದದ್ದು ಇದು ಮೂರನೇ ಸಲ. ನಮ್ಮ ಕಡೆ ಪಂಚಮಿ ಅಂದರೆ ಜೋಕಾಲಿ ಮತ್ತು ಉಂಡಿ. ಶೇಂಗಾ ಉಂಡಿ, ಎಳ್ಳುಂಡಿ, ರವೆ ಉಂಡಿ, ತಂಬಿಟ್ಟು, ಜೊತೆಗೆ ಅಳ್ಳು, ಒಗ್ಗರಣೆ ಕಾಳು. ಯಾರ ಮನೆಗೆ ಹೋದರೂ ಮೊದಲು ತಂಬಿಗೆ ನೀರು, ಆಮೇಲೆ ಉಂಡಿಯ ತಾಟು. ತಿನ್ನದೆ ಏಳುವ ಹಾಗಿಲ್ಲ.

ಎರಡು ಮನೆಯಲ್ಲಿ ಏನೋ ನೆಪ ಹೇಳಿ ಪಾರಾದೆ. ಮೂರನೆಯದು ದೊಡ್ಡಮ್ಮನ ಮನೆ. ಎಂಬತ್ತು ದಾಟಿದ ಆಕೆ ತಾಟು ಕೆಳಗಿಟ್ಟು, ಒಂದು ಶೇಂಗಾ ಉಂಡಿ ಮುರಿದು, ಅರ್ಧವನ್ನು ತನ್ನ ಕೈಯಾರೆ ನನ್ನ ಬಾಯಿಗಿಟ್ಟಳು. ಆ ಕೈಯನ್ನು ತಡೆಯಲು ನನ್ನಿಂದ ಆಗಲಿಲ್ಲ. ಹದಿನೈದು ನಿಮಿಷ ಆಗಿರಬೇಕು, ಎದೆ ಡವಡವ ಹೊಡೆದುಕೊಳ್ಳತೊಡಗಿತು. ಅಂಗಿ ಬೆನ್ನಿಗೆ ಅಂಟಿತು, ಹೊಟ್ಟೆ ಹಿಂಡಿದ ಹಾಗಾಯಿತು, ಕಣ್ಣು ಕತ್ತಲಿಟ್ಟವು. ಪಡಸಾಲೆಯ ಚಾಪೆಯ ಮೇಲೆ ಹಾಗೇ ಒರಗಿದೆ. ಮನೆಮಂದಿಯೆಲ್ಲ ಸುತ್ತ ನೆರೆದರು. ಹಾರ್ಟಿನದೇನೋ ಅಂದುಕೊಂಡು ಅಣ್ಣನ ಮಗ ಆಟೋ ತರಲು ಓಡಿದ.

ಆಗ ಹೇಳಲೇಬೇಕಾಯಿತು. ಹದಿನಾರು ತಿಂಗಳ ಹಿಂದೆ ನನಗೆ ತೂಕ ಇಳಿಸಲು ಗ್ಯಾಸ್ಟ್ರಿಕ್ ಬೈಪಾಸ್ ಆಪರೇಷನ್ ಆಗಿದೆ, ಹೊಟ್ಟೆಯ ಮೇಲ್ಭಾಗದಲ್ಲಿ ಕೋಳಿಮೊಟ್ಟೆಯಷ್ಟು ಚೀಲ ಉಳಿಸಿ ಅದಕ್ಕೆ ಸಣ್ಣ ಕರುಳನ್ನು ನೇರ ಜೋಡಿಸಿದ್ದಾರೆ, ಬೆಲ್ಲ ಸಕ್ಕರೆ ಅಲ್ಲಿ ನಿಲ್ಲದೆ ಒಮ್ಮೆಲೇ ಕರುಳಿಗೆ ಇಳಿದರೆ ಹೀಗಾಗುತ್ತದೆ, ಇದಕ್ಕೆ ಡಂಪಿಂಗ್ ಅನ್ನುತ್ತಾರೆ, ಸ್ವಲ್ಪ ಹೊತ್ತು ಮಲಗಿದರೆ ಇಳಿಯುತ್ತದೆ ಎಂದೆಲ್ಲ ತಡವರಿಸುತ್ತ ಹೇಳಿದೆ. ಎಲ್ಲರೂ ಒಂದೊಂದು ಕೇಳುತ್ತಿದ್ದರು. ದೊಡ್ಡಮ್ಮ ಮಾತ್ರ ಸುಮ್ಮನೆ ನನ್ನ ಅಂಗಾಲು ತಿಕ್ಕುತ್ತ ಕೂತಿದ್ದಳು. ಕೊನೆಗೆ ಅಂದಳು: "ಮೊದಲ ಹೇಳಿದ್ರ ನಾ ಬಾಯಾಗ ಇಡತಿದ್ನೇನೋ ಯಪ್ಪಾ?"

ಆ ಮಾತು ನನ್ನನ್ನು ಇನ್ನೂ ಬಿಟ್ಟಿಲ್ಲ.

ಯಾಕೆ ಹೇಳಿರಲಿಲ್ಲ? ನಾಚಿಕೆ. 128 ಕಿಲೋ ಇದ್ದವನು 86ಕ್ಕೆ ಇಳಿದಾಗ ಊರಿನವರು "ವಾಕಿಂಗ್ ಮಾಡಿದ್ಯೇನು?" ಅಂದರೆ ಹೂಂ ಅನ್ನುವುದು ಸುಲಭ. "ಊಟ ಬಲ್ಲವಗ ರೋಗಿಲ್ಲ" ಎಂಬ ಗಾದೆಯನ್ನು ನಮ್ಮಲ್ಲಿ ದಪ್ಪಗಿರುವವರ ಮುಖಕ್ಕೇ ಹೇಳುತ್ತಾರೆ. ಉಣ್ಣಲು ಬಾರದ್ದಕ್ಕೆ ಹೊಟ್ಟೆ ಕೊಯ್ಸಿಕೊಂಡ ಅಂದುಬಿಟ್ಟರೆ ಅನ್ನುವ ಅಂಜಿಕೆ ನನಗಿತ್ತು. ಇಪ್ಪತ್ತು ವರ್ಷ ಸಕ್ಕರೆ ಕಾಯಿಲೆ, ಮಂಡಿನೋವು, ರಾತ್ರಿ ಉಸಿರುಗಟ್ಟಿ ಏಳುವ ಕಾಟ, ಎಷ್ಟು ಸಲ ಇಳಿಸಿದರೂ ಮರಳಿ ಬರುವ ತೂಕ, ಇದನ್ನೆಲ್ಲ ಪಂಚಮಿ ದಿನ ಪಡಸಾಲೆಯಲ್ಲಿ ಯಾರಿಗೆ ಬಿಡಿಸಿ ಹೇಳುವುದು?

ಬ್ರಿಟನ್ನಿನಲ್ಲಿ ಹೇಳಲು ಅಂಜಿಕೆ ಇರಲಿಲ್ಲ. ಅಲ್ಲಿಯ ವ್ಯವಸ್ಥೆ ನನ್ನನ್ನು ಕೈಹಿಡಿದು ನಡೆಸಿತು, ಆ ಋಣ ದೊಡ್ಡದು. ಸಕ್ಕರೆ ಕಾಯಿಲೆ ನಮ್ಮಂಥವರಿಗೆ ಕಡಿಮೆ ತೂಕದಲ್ಲೇ ಅಂಟುತ್ತದೆಂದು ದಕ್ಷಿಣ ಏಷ್ಯಾದವರಿಗೆ ಈ ಆಪರೇಷನ್ನಿನ ಬಿಎಂಐ (ಎತ್ತರಕ್ಕೆ ತೂಕ ಎಷ್ಟೆಂಬ ಅಳತೆ) ಮಿತಿಯನ್ನು 2.5ರಷ್ಟು ತಗ್ಗಿಸಿ ನೋಡುತ್ತಾರೆ. ಆಪರೇಷನ್ನಿಗೆ ಮುಂಚೆ ತಿಂಗಳುಗಟ್ಟಲೆ ತರಗತಿ, ಲಿವರ್ ಕುಗ್ಗಲೆಂದು ಎರಡು ವಾರದ ಪಥ್ಯ. ಆದ ಮೇಲೆ ಮೊದಲು ನೀರಿನಂಥದ್ದು, ಆಮೇಲೆ ಅರೆದದ್ದು, ಆಮೇಲೆ ಮೆತ್ತಗಿನದ್ದು, ಹೀಗೆ ಒಂದೂವರೆ ಎರಡು ತಿಂಗಳಿಗೆ ಮಾಮೂಲು ಊಟ. ಎರಡು ವರ್ಷ ಆಸ್ಪತ್ರೆಯವರೇ ನೋಡಿಕೊಳ್ಳಬೇಕು, ಅನಂತರವೂ ವರ್ಷಕ್ಕೊಮ್ಮೆ ರಕ್ತಪರೀಕ್ಷೆ ಆಗಬೇಕು ಎಂಬುದು ಅಲ್ಲಿಯ ನಿಯಮ. ಮೂರು ತಿಂಗಳಿಗೊಮ್ಮೆ ಬಿ12 ಇಂಜೆಕ್ಷನ್. ದಿನಾಲೂ ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಮಾತ್ರೆ, ಜೀವ ಇರುವ ತನಕ. ತಪ್ಪಿದರೆ ಫೋನು ಬರುತ್ತದೆ. ಹೋಟೆಲಿನಲ್ಲಿ ತೋರಿಸಲು ಒಂದು ಚೀಟಿಯನ್ನೂ ಕೊಟ್ಟಿದ್ದರು: ಇವರಿಗೆ ಹೊಟ್ಟೆಯ ಆಪರೇಷನ್ ಆಗಿದೆ, ದಯವಿಟ್ಟು ಕಡಿಮೆ ಬಡಿಸಿ ಎಂದು.

ಅಷ್ಟಿದ್ದೂ ಆಪರೇಷನ್ ಆದ ಮೇಲಿನ ಮೂರನೇ ತಿಂಗಳನ್ನು ನೆನೆದರೆ ಈಗಲೂ ಗಂಟಲು ಕಟ್ಟುತ್ತದೆ. ಹೊಟ್ಟೆ ಹಸಿಯುವುದಿಲ್ಲ, ಮನಸ್ಸು ಹಸಿಯುತ್ತದೆ. ತಲೆ ಬಾಚಿದರೆ ಹಣಿಗೆಯ ತುಂಬ ಕೂದಲು. (ತೂಕ ಗಬಕ್ಕನೆ ಇಳಿದಾಗ ಮೂರರಿಂದ ಆರು ತಿಂಗಳೊಳಗೆ ಕೂದಲು ಉದುರುವುದು ಸಹಜ, ಪ್ರೋಟೀನ್ ಸರಿಯಾಗಿ ಸೇರುತ್ತಿದ್ದರೆ ಬಹಳ ಮಟ್ಟಿಗೆ ಮರಳಿ ಬರುತ್ತದೆ. ನನಗೂ ಬಂತು.) ಆಫೀಸಿನಲ್ಲಿ ನಾನು ನಾಲ್ಕು ಚಮಚ ತಿಂದು ಡಬ್ಬಿ ಮುಚ್ಚಿದರೆ ಯಾರೂ ಒತ್ತಾಯ ಮಾಡುವುದಿಲ್ಲ, ಒಂದೂ ಚಮಚ ತಿನ್ನದೆ ಮುಚ್ಚಿದರೂ ಯಾರೂ ಕೇಳುವುದಿಲ್ಲ. ಇನ್ನೊಬ್ಬರ ತಾಟಿನೊಳಗೆ ಇಣುಕದಿರುವುದು ಅಲ್ಲಿಯ ಮರ್ಯಾದೆ. ಆ ಮರ್ಯಾದೆಯಲ್ಲಿ ನಾನು ಸುಖವಾಗಿದ್ದೆ, ಒಬ್ಬಂಟಿಯೂ ಆಗಿದ್ದೆ.

ಊರಲ್ಲಿ ಎಲ್ಲರ ಕಣ್ಣೂ ತಾಟಿನ ಮೇಲೆಯೇ. ಆ ಕಣ್ಣಿನಿಂದ ಏನೇನಾಗಬಹುದು ಎಂಬುದನ್ನು ಗದಗಿಗೆ ಹೋದಾಗ ಕಂಡೆ.

ಅಲ್ಲಿಗೆ ಮದುವೆಯಾಗಿ ಹೋಗಿರುವ ನನ್ನ ಚಿಕ್ಕಪ್ಪನ ಮಗಳಿಗೂ ಹಿಂದಿನ ವರ್ಷ ಇದೇ ಬಗೆಯ ಆಪರೇಷನ್ ಆಗಿತ್ತು. ಅವಳದು ಸ್ಲೀವ್: ಹೊಟ್ಟೆಯ ಮುಕ್ಕಾಲು ಪಾಲಿಗಿಂತ ಹೆಚ್ಚು ಭಾಗ ತೆಗೆದು ಬಾಳೆಹಣ್ಣಿನಂಥ ಕೊಳವೆ ಉಳಿಸುತ್ತಾರೆ. ಆಪರೇಷನ್ ಚೆನ್ನಾಗಿಯೇ ಆಗಿತ್ತು. ಮನೆಗೆ ಕಳಿಸುವಾಗ ಇಂಗ್ಲಿಷಿನಲ್ಲಿ ಅಚ್ಚಾದ ಎರಡು ಹಾಳೆ ಕೊಟ್ಟು ಗಂಡನಿಗೆ ಹತ್ತು ನಿಮಿಷ ತಿಳಿಸಿ ಹೇಳಿದ್ದರಂತೆ. ಹಾಳೆ ಅವಳ ಟ್ರಂಕಿನಲ್ಲಿತ್ತು. ತೆಗೆದು ಓದಿದೆ. ಅವಕಾಡೊ, ಬ್ರೊಕೊಲಿ, ಗ್ರಿಲ್ ಮಾಡಿದ ಮೀನು. ಲಿಂಗಾಯತರ ಮನೆ, ಮೊಟ್ಟೆ ಕೂಡ ಒಳಗೆ ಬರುವುದಿಲ್ಲ. ಹಾಳೆಯಲ್ಲಿ ಇನ್ನೊಂದು ಸಾಲಿತ್ತು: ಪ್ರತಿ ಊಟಕ್ಕೂ ಅರ್ಧ ಗಂಟೆ ಕೂತು, ಒಂದೊಂದು ತುತ್ತನ್ನೂ ಇಪ್ಪತ್ತು ಮೂವತ್ತು ಸಲ ಅಗಿದು ತಿನ್ನಬೇಕು.

ಅರ್ಧ ಗಂಟೆ! ಏಳು ಮಂದಿಯ ಮನೆಯ ಸೊಸೆ ಅವಳು. ಒಲೆ ಮುಂದೆ ನಿಂತು ಎಲ್ಲರಿಗೂ ಬಿಸಿರೊಟ್ಟಿ ಬಡಿದು ಹಾಕಿ, ಕೊನೆಗೆ ಕಟ್ಟೆಗೆ ಒರಗಿ ನಾಲ್ಕು ತುತ್ತು ನುಂಗಿ, ಭಾಂಡೆ ತಿಕ್ಕಲು ಹೋಗುವವಳು. ಗಡಬಡಿಸಿ ನುಂಗಿದ್ದು ಒಳಗಿಳಿಯುತ್ತಿರಲಿಲ್ಲ, ನೊರೆನೊರೆಯಾಗಿ ವಾಂತಿ. ವಾಂತಿ ಆದದ್ದನ್ನು ಅತ್ತೆಗೆ ಹೇಳಿದರೆ ಇನ್ನೊಂದು ರೊಟ್ಟಿ, ಹೇಳದಿದ್ದರೆ ಖಾಲಿ ಹೊಟ್ಟೆ. ಓಣಿಯವರದು ಬೇರೆ: "ಏನವ್ವಾ, ಎಷ್ಟ ಸೊರಗಿ, ಮನ್ಯಾಗ ಉಣ್ಣಾಕ ಹಾಕೂದಿಲ್ಲೇನು?" ನಮ್ಮಲ್ಲಿ ಮೈ ತುಂಬಿಕೊಂಡವಳು ಸುಖವಾಗಿರುವವಳು, ಸೊರಗಿದವಳಿಗೆ ರೋಗವೋ ದುಃಖವೋ ಇರಲೇಬೇಕು. ಆ ಮಾತು ಅತ್ತೆಗೆ ಚುಚ್ಚುತ್ತಿತ್ತು. ಚುಚ್ಚಿದಷ್ಟೂ ಸೊಸೆಗೆ ಹೆಚ್ಚು ಬಡಿಸುತ್ತಿದ್ದರು. ಯಾರಲ್ಲೂ ಕೆಟ್ಟತನವಿರಲಿಲ್ಲ.

ತೂಕ ಇಳಿಯಿತಲ್ಲ ಎಂದು ಮೂರನೇ ತಿಂಗಳಿಗೆ ಮಾತ್ರೆ ನಿಂತಿದ್ದವು. ಹುಬ್ಬಳ್ಳಿಗೆ ತೋರಿಸಲು ಹೋಗುವುದೆಂದರೆ ಒಂದು ದಿನದ ಕೆಲಸ ಕೆಡುತ್ತದೆ, ಅದೂ ನಿಂತಿತ್ತು. ನಾನು ಹೋದ ದಿನ ಅವಳು ಮಾತಿನ ನಡುವೆ ಅಂದದ್ದು: "ಅಂಗಾಲ ಒಂದ ಸಮ ಜುಮು ಜುಮು ಅಂತಾವಣ್ಣಾ." ನನಗೆ ಎದೆ ಝಲ್ಲೆಂದಿತು. ಈ ಆಪರೇಷನ್ ಆದವರಿಗೆ ಮತ್ತೆ ಮತ್ತೆ ವಾಂತಿಯಾದರೆ ವಿಟಮಿನ್ ಬಿ1 ಬೇಗ ಬರಿದಾಗುತ್ತದೆ, ಮಾತ್ರೆ ಬಿಟ್ಟರೆ ಬಿ12 ನಿಧಾನ ಬರಿದಾಗುತ್ತದೆ, ಎರಡೂ ನರಕ್ಕೇ ಪೆಟ್ಟು. ತಡಮಾಡಿದರೆ ಪೆಟ್ಟು ಹಾಗೇ ಉಳಿದುಬಿಡಬಹುದು. ಮರುದಿನ ಬೆಳಗಿನ ಬಸ್ಸಿಗೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ರಕ್ತ ನೋಡಿದರು, ಇಂಜೆಕ್ಷನ್ ಶುರುಮಾಡಿದರು.

ಅಲ್ಲಿ ನನಗೆ ಸಿಕ್ಕ ಆರೈಕೆ ಇವಳಿಗೆ ಇಲ್ಲಿ ಯಾಕೆ ಸಿಗಬಾರದು? ದುಡ್ಡಿನ ಮಾತು ಒಂದು ಕಡೆ ಇರಲಿ, ನಾನು ಹೇಳುವುದಕ್ಕೆ ಹೆಚ್ಚು ದುಡ್ಡು ಬೇಕಿಲ್ಲ. ಆಪರೇಷನ್ ಒಂದೆರಡು ತಾಸಿನದು, ಆಮೇಲಿನದೆಲ್ಲ ಅಡುಗೆಮನೆಯ ಕೆಲಸ. ಅಂದಮೇಲೆ ಆಪರೇಷನ್ನಿಗೆ ಮುಂಚೆ ಡಾಕ್ಟರು ಕೂರಿಸಿಕೊಂಡು ಮಾತಾಡಬೇಕಾದದ್ದು ಬಿಲ್ ಕಟ್ಟುವವರ ಜೊತೆ ಮಾತ್ರವೇ? ಬಡಿಸುವವರನ್ನೂ ಕರೆಯಬೇಕು. ಅತ್ತೆಯನ್ನು, ಅವ್ವನನ್ನು, ದೊಡ್ಡಮ್ಮನನ್ನು ಕರೆದು ಒಂದು ಪುಟ್ಟ ಬಟ್ಟಲು ಕೈಗೆ ಕೊಟ್ಟು "ಇಷ್ಟೇ ಇವರ ಹೊಟ್ಟೆ" ಎಂದು ತೋರಿಸಬೇಕು. ಹಾಳೆ ಕನ್ನಡದಲ್ಲಿರಬೇಕು, ಅದರಲ್ಲಿ ನಮ್ಮ ಅಡುಗೆ ಇರಬೇಕು.

ನಮ್ಮ ಅಡುಗೆಯಲ್ಲೇನು ಕೊರತೆ? ದಿನಕ್ಕೆ 60ರಿಂದ 80 ಗ್ರಾಂ ಪ್ರೋಟೀನ್ ಬೇಕು ಎಂದಾಗ ಬರ್ಮಿಂಗ್‌ಹ್ಯಾಮಿನ ಡಯಟಿಷಿಯನ್ ನನಗೆ ಹೇಳಿದ್ದು ಕಾಟೇಜ್ ಚೀಸ್, ಟ್ಯೂನಾ ಮೀನು. ನಾಲ್ಕು ದಿನಕ್ಕೆ ಬೇಸರ ಬಂತು. ಕೊನೆಗೆ ನನ್ನನ್ನು ಕಾಪಾಡಿದ್ದು ಝುಣಕ. ಕಡಲೆಹಿಟ್ಟು ಮೆತ್ತಗೆ ಬೆಂದು ಸಲೀಸಾಗಿ ಇಳಿಯುತ್ತದೆ. 100 ಗ್ರಾಂ ಒಣ ಹೆಸರುಕಾಳಿನಲ್ಲಿ ಸುಮಾರು 24 ಗ್ರಾಂ ಪ್ರೋಟೀನ್ ಇದೆ. ಮೊಳಕೆ ಬರಿಸಿ ಮೆತ್ತಗೆ ಕುದಿಸಿದ ಪಲ್ಯ, ಮಡಕಿಕಾಳು, ಗಟ್ಟಿ ಮೊಸರಿನ ಜೊತೆ ಒಂದು ಚಮಚ ಶೇಂಗಾ ಹಿಂಡಿ. ಸಣ್ಣ ಹೊಟ್ಟೆಗೆ ಇಷ್ಟರಿಂದಲೇ ಲೆಕ್ಕ ತುಂಬುವುದಿಲ್ಲ, ಪನೀರೋ ಪ್ರೋಟೀನ್ ಪುಡಿಯೋ ಸೇರಿಸಬೇಕಾಗುತ್ತದೆ. ಆದರೂ ತಳಪಾಯ ನಮ್ಮ ಊಟವೇ ಆಗಬಹುದು. ತಾಟಿಗೆ ಕೈಹಾಕಿದರೆ ಮೊದಲು ಕಾಳು, ಆಮೇಲೆ ಪಲ್ಯ, ಜಾಗ ಉಳಿದರೆ ರೊಟ್ಟಿ. ನನಗೆ ಅನ್ನ ಮತ್ತು ಬ್ರೆಡ್ಡು ಎದೆಯಲ್ಲೇ ಕೂತುಬಿಡುತ್ತವೆ, ಬಿಸಿರೊಟ್ಟಿಯೂ ಕಷ್ಟ. ಕಟಕ ರೊಟ್ಟಿ ಮಾತ್ರ ಚೆನ್ನಾಗಿ ಅಗಿದರೆ ಇಳಿಯುತ್ತದೆ. ಇದನ್ನು ಯಾವ ಹಾಳೆಯೂ ನನಗೆ ಹೇಳಿರಲಿಲ್ಲ.

ಚಹಾ ಊಟದ ಜೊತೆ ಬೇಡ, ಕಬ್ಬಿಣ ಮೈಗೆ ಹತ್ತುವುದನ್ನು ತಡೆಯುತ್ತದೆ. ನೀರು, ಮಜ್ಜಿಗೆ ಊಟವಾಗಿ ಅರ್ಧ ತಾಸಿನ ನಂತರ.

ನೋವಿನ ಮಾತ್ರೆಯದೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ನೃಪತುಂಗ ಬೆಟ್ಟ ಹತ್ತಿ ಇಳಿದ ಸಂಜೆ ಮಂಡಿ ಹಿಡಿದುಕೊಂಡಿತ್ತು. ಒಂದು ಔಷಧ ಅಂಗಡಿಯಲ್ಲಿ ನೋವು ಎಂದದ್ದಷ್ಟೇ, ಏನೂ ಕೇಳದೆ ಡೈಕ್ಲೊಫೆನಾಕ್ ಪಟ್ಟಿ ಕತ್ತರಿಸಿ ಕೊಟ್ಟರು. ಬೈಪಾಸ್ ಆದವರಿಗೆ ಆ ಜಾತಿಯ ಮಾತ್ರೆ ಕರುಳು ಜೋಡಿಸಿದ ಜಾಗದಲ್ಲಿ ಹುಣ್ಣು ಮಾಡಬಲ್ಲದು. ಹೆಸರು ಓದುವ ರೂಢಿ ಇದ್ದದ್ದಕ್ಕೆ ಮರಳಿ ಕೊಟ್ಟು ಪ್ಯಾರಸಿಟಮಾಲ್ ತಂದೆ. ಓದಲು ಬಾರದವರ ಗತಿ ಏನು?

ಊರಿನ ಬಗ್ಗೆ ಬರೀ ದೂರು ಹೇಳಿದರೆ ಅನ್ಯಾಯವಾದೀತು. ದೊಡ್ಡಮ್ಮನ ಮಾತು ಕೇಳಿದ ಮೇಲೆ ನಾನು ಎಲ್ಲ ಕಡೆ ಬಾಯಿಬಿಟ್ಟು ಹೇಳತೊಡಗಿದೆ. ಹುಬ್ಬಳ್ಳಿ ಹಳೇ ಬಸ್‌ಸ್ಟ್ಯಾಂಡ್ ಹತ್ತಿರದ ಒಂದು ಖಾನಾವಳಿಯಲ್ಲಿ ಅರ್ಧ ರೊಟ್ಟಿ ಸಾಕು ಎಂದಾಗ ಬಡಿಸುವ ಅವ್ವ "ಅರ್ಧ ರೊಟ್ಟಿಗೆ ಊಟ ಆಗತದೇನ್ರಿ?" ಎಂದು ನಿಂತೇಬಿಟ್ಟರು. ಆಪರೇಷನ್ ಆಗಿದೆ ಅವ್ವಾ, ಇಷ್ಟೇ ಹಿಡಿಸುತ್ತದೆ ಅಂದೆ. ಅವರು ತಾಟನ್ನೇ ತೆಗೆದುಕೊಂಡು ಹೋಗಿ, ಚಟ್ನಿ ಹಾಕುವ ಬಟ್ಟಲಿನಲ್ಲಿ ಝುಣಕ, ಇನ್ನೊಂದರಲ್ಲಿ ಕಾಳುಪಲ್ಯ ತಂದಿಟ್ಟರು. ಮಜ್ಜಿಗೆ ಲೋಟವನ್ನು ನನ್ನ ಕೈಗೆ ಸಿಗದಷ್ಟು ದೂರ ಸರಿಸಿ "ಆಮ್ಯಾಲ ಕುಡೀರಿ, ಸಾವಕಾಶ ಉಣ್ರಿ" ಎಂದರು. ನನ್ನ ಜೇಬಿನಲ್ಲಿದ್ದ ಇಂಗ್ಲಿಷ್ ಚೀಟಿ ತೋರಿಸಿದಾಗ ಯಾವ ಹೋಟೆಲಿನಲ್ಲೂ ಯಾರೂ ಲೋಟ ದೂರ ಸರಿಸಿದ್ದಿಲ್ಲ. ಅಷ್ಟಕ್ಕೂ ಹಂಚಿಕೊಂಡು ಕಡಿಮೆ ತಿನ್ನುವುದು ನಮಗೆ ಹೊಸದೇ? ಒನ್ ಬೈ ಟೂ ಎಂದರೆ ಎರಡು ಲೋಟದಲ್ಲಿ ಒಂದೇ ಚಹಾ ಬರುವ ನಾಡು ನಮ್ಮದು. ಚಹಾಕ್ಕೆ ಸಲ್ಲುವ ಆ ರೂಢಿ ಊಟಕ್ಕೂ ಸಲ್ಲಲಿ, ಒನ್ ಬೈ ಟೂ ಊಟ ಕೇಳಿದವನಿಗೆ ಬಡತನವೋ ರೋಗವೋ ಎಂದು ನೋಡದಿರಲಿ.

ಗದಗಿನಿಂದ ಹೊರಡುವ ಹಿಂದಿನ ರಾತ್ರಿ ತಂಗಿಯ ಅತ್ತೆಯ ಜೊತೆ ಕೂತು ಎಲ್ಲವನ್ನೂ ಹೇಳಿದೆ. ಸ್ಟೀಲಿನ ಒಂದು ಸಣ್ಣ ಬಟ್ಟಲಿಗೆ ನೀರು ತುಂಬಿಸಿ, ಅವಳ ಹೊಟ್ಟೆ ಇಷ್ಟು ಎಂದು ತೋರಿಸಿದೆ. ಅರ್ಧ ತಾಸು ಕೂತು ಉಣ್ಣಬೇಕು, ಆರಿದ್ದು ಗಟ್ಟಿಯಾದದ್ದು ಇಳಿಯುವುದಿಲ್ಲ ಎಂದೆ. ಅವರು ಬಟ್ಟಲನ್ನು ಬಹಳ ಹೊತ್ತು ನೋಡಿದರು. ಸಿಟ್ಟಿಲ್ಲದೆ, ತುಸು ಅಚ್ಚರಿಯಿಂದಲೇ ಕೇಳಿದರು: "ಹಂಗಾರ ಆಕಿ ಮೊದಲ ಉಣ್ಣಬೇಕೇನು?"

ಹೌದ್ರಿ ಅಂದೆ.

ಮೊನ್ನೆ ತಂಗಿ ಫೋನಿನಲ್ಲಿ ಅಡುಗೆಮನೆಯ ಕ್ಯಾಲೆಂಡರಿನ ಫೋಟೊ ಕಳಿಸಿದ್ದಳು. ಹಾಲಿನ ಲೆಕ್ಕದ ಪಕ್ಕದಲ್ಲಿ ಒಂದು ತಾರೀಖಿಗೆ ಸುತ್ತು ಹಾಕಿ "ಇಂಜೆಕ್ಷನ್" ಎಂದು ಬರೆದಿತ್ತು. ಅಕ್ಷರ ಅತ್ತೆಯವು.