ಮೂರನೇ ಟೈಪು, ಮೂರು ಫೇಸು

ರಾತ್ರಿ ಎರಡು ಗಂಟೆ. ತೋಟದ ಮೋಟರ್ ರೂಮಿನ ಮುಂದೆ ಗೋಣಿಚೀಲ ಹಾಸಿಕೊಂಡು ಕೂತಿದ್ದೇವೆ, ನಾನು ಮತ್ತು ನನ್ನ ಅಕ್ಕನ ಮಗ. ಮೋಟರ್ ಓಡಿಸುವ ತ್ರೀ ಫೇಸ್ ಕರೆಂಟ್ ಹನ್ನೊಂದಕ್ಕೇ ಬರಬೇಕಿತ್ತು. ಎದುರಿನ ಗುಡ್ಡದ ತುಂಬ ಗಾಳಿಯಂತ್ರಗಳು. ಚಿತ್ರದುರ್ಗದ ಗಾಳಿ ಗೊತ್ತಲ್ಲ, ಹೆಗಲ ಮೇಲಿನ ಟವೆಲ್ ನಿಲ್ಲಲ್ಲ. ಒಂದೊಂದರ ನೆತ್ತಿಯಲ್ಲೂ ಕೆಂಪು ದೀಪ ಮಿಣುಕುತ್ತಿದೆ. ಆ ದೀಪ ಆರಿದ್ದನ್ನು ಮಾತ್ರ ನಾನು ಒಂದು ದಿನವೂ ನೋಡಿಲ್ಲ.

ಹುಡುಗ ಮೊಬೈಲಿನಲ್ಲಿ ಕಥೆ ಬರೆಯುತ್ತಾನೆ. ಈ ಸಲ ಗ್ಯಾಲಕ್ಸಿ ಆಳುವ ಜನರದ್ದು. "ಮಾವ, ಇವರಿಗೆ ಕರೆಂಟ್ ಎಲ್ಲಿಂದ ಕೊಡಿಸಲಿ?" ಅಂದ.

ಹನ್ನೊಂದು ಗಂಟೆಯಿಂದ ನಾನು ಕೇಳಿಕೊಳ್ಳುತ್ತಿರುವುದೂ ಅದನ್ನೇ.

1964ರಲ್ಲಿ ರಷ್ಯಾದ ಕರ್ದಶೇವ್ ಎಂಬ ಖಗೋಳ ವಿಜ್ಞಾನಿ ನಾಗರಿಕತೆಗಳಿಗೆ ಮೂರು ಟೈಪ್ ಮಾಡಿಟ್ಟರಂತೆ. ತನ್ನ ಗ್ರಹದ ಶಕ್ತಿ ಬಳಸಿದರೆ ಒಂದು, ಇಡೀ ನಕ್ಷತ್ರದ್ದು ಬಳಸಿದರೆ ಎರಡು, ಗ್ಯಾಲಕ್ಸಿಯದ್ದೇ ಬಳಸಿದರೆ ಮೂರು. ನಾವಿನ್ನೂ ಒಂದಕ್ಕೂ ಮುಟ್ಟಿಲ್ಲ. ಮೂರು ಟೈಪ್ ಅವರೇ ಇಟ್ಟುಕೊಳ್ಳಲಿ, ನಮಗೆ ಮೂರು ಫೇಸ್ ಸಾಕು ಅಂದೆ.

ಸೂರ್ಯನ ಸುತ್ತ ಸೋಲಾರ್ ಹಲಗೆ ಕಟ್ಟಬಹುದು, 1960ರಲ್ಲೇ ಡೈಸನ್ ಎಂಬ ಭೌತವಿಜ್ಞಾನಿ ಇಂಥದ್ದೊಂದು ಯೋಚನೆ ಮುಂದಿಟ್ಟಿದ್ದರು ಅಂದ. ಸೂರ್ಯ ಸುರಿಯುವ ಬೆಳಕಿನಲ್ಲಿ ಭೂಮಿಗೆ ಬೀಳುವುದು ಸುಮಾರು ಇನ್ನೂರು ಕೋಟಿಯಲ್ಲಿ ಒಂದು ಪಾಲು. ಉಳಿದದ್ದನ್ನು ಯಾರೋ ತಂತಿಯಲ್ಲೇ ಸೋರಿಹೋದ ಲೈನ್ ಲಾಸ್ ಅಂತ ಬರೆದುಕೊಂಡಿರಬೇಕು.

ಪ್ರತಿದ್ರವ್ಯ? ಅರ್ಧ ಗ್ರಾಂ ಅದು, ಅರ್ಧ ಗ್ರಾಂ ಮಾಮೂಲಿ ದ್ರವ್ಯ ಸೇರಿದರೆ ಎರಡೂ ಅಳಿದು 2.5 ಕೋಟಿ ಯೂನಿಟ್ ಕರೆಂಟಿನಷ್ಟು ಶಕ್ತಿ. ಆದರೆ ಅದನ್ನು ತಯಾರಿಸಲು ಅದಕ್ಕಿಂತ ಎಷ್ಟೋ ಜಾಸ್ತಿ ಕರೆಂಟ್ ಬೇಕು. ಅಂದರೆ ಯುಪಿಎಸ್ ಇದ್ದ ಹಾಗೆ. ಮೊದಲು ಚಾರ್ಜ್ ಆಗಬೇಕಲ್ವಾ?

ಕಪ್ಪುಕುಳಿ ಬಗ್ಗೆ ಮಾತ್ರ ನನ್ನ ಹತ್ತಿರ ಹೇಳಬೇಡ ಅಂದೆ. ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್, ಬದಲಿಸಿ ಅಂತ ನಾಲ್ಕು ಅರ್ಜಿ ಒಳಗೆ ಹೋಗಿವೆ. ಒಂದೂ ಹೊರಗೆ ಬಂದಿಲ್ಲ, ಬೆಳಕೂ ಬಂದಿಲ್ಲ.

"ಸರಿ, ನಿನ್ನ ಕಥೆಯಲ್ಲಿ ಟಿಸಿ ಸುಟ್ಟರೆ ಯಾರು ಬರ್ತಾರೆ?"

ಹುಡುಗ ತಬ್ಬಿಬ್ಬಾದ. ಗ್ಯಾಲಕ್ಸಿ ಕಟ್ಟಿದ್ದಾನೆ, ಲೈನ್‌ಮ್ಯಾನ್ ಇಟ್ಟಿಲ್ಲ! ನಮ್ಮಲ್ಲಾದರೆ ಮನೆಗಿಷ್ಟು ಅಂತ ಪಟ್ಟಿ ಎತ್ತಿ, ಟ್ರ್ಯಾಕ್ಟರಿಗೆ ಡೀಸೆಲ್ ಹಾಕಿಸಿ, ಸುಟ್ಟ ಟಿಸಿಯನ್ನು ನಾವೇ ಹೇರಿಕೊಂಡು ಹೋಗುತ್ತೇವೆ. ಅಲ್ಲಿ ಪಕ್ಕದ ನಕ್ಷತ್ರಕ್ಕೆ ಫೋನ್ ಮಾಡಿದರೆ ರಿಂಗ್ ಆಗಲಿಕ್ಕೇ ನಾಲ್ಕು ವರ್ಷ ದಾಟುತ್ತದೆ. ಇಲ್ಲಿ ರಿಂಗ್ ಬೇಗ ಆಗುತ್ತೆ, ಎತ್ತಲ್ಲ ಅಷ್ಟೆ.

ನಮ್ಮ ಜಿಲ್ಲೆ ಹಿಂದುಳಿದಿದೆ ಅಂತಲ್ಲ. 2023ರ ಏಪ್ರಿಲ್ 2ರಂದು ಚಳ್ಳಕೆರೆ ಹತ್ತಿರ ಇಸ್ರೋದವರು ರೆಕ್ಕೆಯ ವಾಹನವೊಂದನ್ನು ಹೆಲಿಕಾಪ್ಟರಿನಲ್ಲಿ ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದು ಬಿಟ್ಟರು. ಅದು ತಾನೇ ದಾರಿ ಹಿಡಿದು ರನ್‌ವೇ ಮೇಲೆ ಇಳಿಯಿತು. ಕರೆಂಟಿಗೆ ಇನ್ನೂ ಆ ಬುದ್ಧಿ ಬಂದಿಲ್ಲ.

ನಾಲ್ಕೂಕಾಲಿಗೆ ಸ್ಟಾರ್ಟರ್ ಟಕ್ ಅಂದಿತು. ಪೈಪ್ ಎರಡು ಸಲ ಕೆಮ್ಮಿ, ಕೆಸರು ಉಗಿದು, ಬೊಗಸೆ ನೀರು ಬಿಟ್ಟಿತು. ಅಷ್ಟರಲ್ಲಿ ಒಂದು ಫೇಸ್ ಹೋಯಿತು.

ಹುಡುಗ ಮೊಬೈಲ್ ತೆಗೆದು ಏನೋ ತಿದ್ದಿದ. "ಮಾವ, ನಮ್ಮೋರನ್ನ ಎರಡನೇ ಟೈಪಿಗೆ ಇಳಿಸಿದೆ."