ಚಿಕ್ಕಮ್ಮನ ಅಗಲ, ಮಳೆಯ ಬಿಟ್‌ರೇಟ್

ಡಿವಿಡಿಯೊಳಗೆ ಯಾರೂ ತಮ್ಮ ನಿಜವಾದ ಮೈಕಟ್ಟಿನಲ್ಲಿ ಇರುವುದಿಲ್ಲ. ಇದು ವೇದಾಂತವಲ್ಲ, ಲೆಕ್ಕ. ನಮ್ಮ ದೇಶದಲ್ಲಿ ನಡೆಯುವ ಪಾಲ್ ಎಂಬ ಟಿವಿ ಪದ್ಧತಿಯ ಡಿವಿಡಿಯಲ್ಲಿ ಚಿತ್ರದ ಅಗಲ 720 ಚುಕ್ಕಿ, ಎತ್ತರ 576. ಭಾಗಿಸಿದರೆ 1.25. ಹಳೆಯ ಡಬ್ಬಾ ಟಿವಿಯ 4:3 ಎಂದರೆ 1.33, ಈಗಿನ ಚಪ್ಪಟೆ ಟಿವಿಯ 16:9 ಎಂದರೆ 1.78. ಎರಡಕ್ಕೂ ತಾಳೆಯಾಗದ ಅಳತೆ. ಎಲ್ಲರನ್ನೂ ಒತ್ತಿ ಸಪೂರ ಮಾಡಿ ಡಿಸ್ಕ್‌ಗೆ ತುಂಬಿ, ‘ಇವರನ್ನು ಇಷ್ಟು ಅಗಲಕ್ಕೆ ಎಳೆದು ತೋರಿಸು’ ಎಂದು ಪ್ಲೇಯರ್‌ಗೆ ಒಂದು ಗುರುತು ಬರೆದಿಟ್ಟಿರುತ್ತಾರೆ. ಆ ಗುರುತು ತಪ್ಪಿತೋ, ಮದುಮಗಳ ಆಕಾರ ಕೆಟ್ಟಿತು.

ನಮ್ಮ ಚಿಕ್ಕಮ್ಮನ ಮದುವೆಯ ಕ್ಯಾಸೆಟ್ಟನ್ನು ಪೇಟೆಯ ಯಾವುದೋ ಅಂಗಡಿಯವರು ಡಿವಿಡಿಗೆ ಇಳಿಸಿಕೊಟ್ಟಿದ್ದರು. 4:3ರಲ್ಲಿ ತೆಗೆದ ವಿಡಿಯೊಗೆ 16:9ರ ಗುರುತು ಅಂಟಿಸಿದ್ದರು. ಎತ್ತರ ಇದ್ದಷ್ಟೇ, ಅಗಲ ಮಾತ್ರ ಮೂರನೆಯ ಒಂದು ಪಾಲು ಹೆಚ್ಚು. ಅಂತರಪಟ ಸರಿದದ್ದೇ ತಡ, ಮಂಟಪ ಸಾಲದೆಂಬಂತೆ ಇಬ್ಬರೂ ಎರಡೂ ಕಡೆ ಹರಡಿಕೊಂಡರು. ಚಿಕ್ಕಪ್ಪನ ಬಾಸಿಂಗ ಒಂದು ಕಿವಿಯಿಂದ ಇನ್ನೊಂದು ಕಿವಿಯವರೆಗೆ ಇತ್ತು.

“ನಾನು ಯಾವತ್ತಾದರೂ ಹೀಗಿದ್ದೆನೇ?” ಎಂದು ಚಿಕ್ಕಮ್ಮ ಕೇಳಿದರು.

“ಆಗ ಇರಲಿಲ್ಲ” ಎಂದರು ಚಿಕ್ಕಪ್ಪ. ಆ ರಾತ್ರಿ ಅವರ ಎಲೆಗೆ ಎರಡನೆಯ ಸಲ ಸಾರು ಬರಲಿಲ್ಲವಂತೆ.

ಹೀಗಾಗಿ ಕ್ಯಾಸೆಟ್ಟು ಶಿವಮೊಗ್ಗಕ್ಕೆ, ನನ್ನ ಮನೆಗೆ ಬಂತು. ನೆಂಟರ ಬಳಗದಲ್ಲಿ ಕಂಪ್ಯೂಟರ್ ಇಟ್ಟುಕೊಂಡವನಿಗೆ ಇದೆಲ್ಲ ತಪ್ಪಿದ್ದಲ್ಲ. ಜೊತೆಗೆ ಅವರ ಮಗನ ಉಪನಯನದ ಪೆನ್‌ಡ್ರೈವ್. ಮದುವೆ ಮೂರು ಗಂಟೆ, 4:3. ಉಪನಯನ ಒಂದು ಗಂಟೆ, 16:9. “ಎರಡೂ ಒಂದೇ ಡಿಸ್ಕ್‌ನಲ್ಲಿ ಇರಲಿ ಮಾಣಿ. ಮಳೆಗಾಲದಲ್ಲಿ ದೊಡ್ಡಪ್ಪನ ಮನೆಗೆ ಹೋದಾಗ ಎಲ್ಲರೂ ಕುಳಿತು ನೋಡಬೇಕು” ಎಂದು ಚಿಕ್ಕಮ್ಮನ ಅಪ್ಪಣೆಯಾಯಿತು. ದೊಡ್ಡಪ್ಪನ ಮನೆ ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ ಒಳಗೆ. ಜೂನ್ ಬಂತೆಂದರೆ ಅಲ್ಲಿ ಮೊಬೈಲನ್ನು ಗಂಟೆ ನೋಡಲಿಕ್ಕಷ್ಟೇ ಬಳಸುತ್ತಾರೆ. ಆದ್ದರಿಂದ ಡಿವಿಡಿಯೇ ಆಗಬೇಕು.

ಎರಡು ಅಳತೆಯ ವಿಡಿಯೊಗಳನ್ನು ಒಂದೇ ಡಿಸ್ಕ್‌ನಲ್ಲಿ ಇಡುವುದಕ್ಕೆ ತೊಂದರೆಯಿಲ್ಲ. ಡಿಸ್ಕ್‌ನೊಳಗೆ ಟೈಟಲ್ ಸೆಟ್ ಎಂಬ ಬೇರೆ ಬೇರೆ ಭಾಗ ಮಾಡಿ, ಒಂದಕ್ಕೆ 4:3, ಇನ್ನೊಂದಕ್ಕೆ 16:9 ಎಂದು ಗುರುತು ಕೊಟ್ಟರೆ ಮುಗಿಯಿತು. ತೊಂದರೆ ಬಂದದ್ದು ಚಿಕ್ಕಪ್ಪನಿಂದ. “ಮದುವೆಯ ಎರಡು ಬದಿಗೂ ಕಪ್ಪು ಪಟ್ಟಿ ಯಾಕೆ? ದುಡ್ಡು ಕೊಟ್ಟು ಅಗಲದ ಟಿವಿ ತಂದದ್ದು ಕಪ್ಪು ನೋಡಲಿಕ್ಕೋ?” ಪರದೆ ತುಂಬಬೇಕಾದರೆ ಒಂದೋ ಚಿತ್ರವನ್ನು ಎಳೆಯಬೇಕು, ಇಲ್ಲವೇ ಮೇಲೆ ಕೆಳಗೆ ಕತ್ತರಿಸಿ ಎತ್ತರದ ಕಾಲುಭಾಗ ಕಳೆದುಕೊಳ್ಳಬೇಕು. ಸೊಂಟ ಬೆಳೆಯಬೇಕು ಅಥವಾ ತಲೆ ಹೋಗಬೇಕು, ಯಾವುದು ಬೇಕೆಂದು ಚಿಕ್ಕಮ್ಮನ ಎದುರೇ ಕೇಳಿದೆ. ಚಿಕ್ಕಪ್ಪನಿಗೆ ಕಪ್ಪು ಪಟ್ಟಿಯೇ ಚೆಂದ ಕಾಣತೊಡಗಿತು.

ಅಗಲದ ಜಗಳವಾದರೂ ಕಣ್ಣಿಗೆ ಕಾಣುವಂಥದ್ದು. ಬಿಟ್‌ರೇಟ್, ಎಂದರೆ ಒಂದೊಂದು ಸೆಕೆಂಡಿಗೆ ಎಷ್ಟು ಮಾಹಿತಿ ಸಲ್ಲುತ್ತದೆ ಎಂಬುದನ್ನು ನೆಂಟರಿಗೆ ತಿಳಿಸುವುದು ಯಾರಿಂದಲೂ ಆಗದ ಕೆಲಸ. ಕೊನೆಗೆ ಪಂಕ್ತಿಯ ಲೆಕ್ಕದಲ್ಲಿ ಹೇಳಿದೆ: ಪಾಯಸದ ಪಾತ್ರೆ ಒಂದೇ, 4.7 ಜಿಬಿ. ಎಲೆ ಹೆಚ್ಚಾದಷ್ಟೂ ಸೌಟು ಸಣ್ಣದಾಗಬೇಕು. ಡಿವಿಡಿಯಲ್ಲಿ ವಿಡಿಯೊಗೆ ಸೆಕೆಂಡಿಗೆ 9.8 ಮೆಗಾಬಿಟ್‌ವರೆಗೆ ಬಡಿಸಬಹುದು. ಹಾಗೆ ಕೈಬಿಟ್ಟು ಬಡಿಸಿದರೆ ಒಂದು ಗಂಟೆಯ ಹೊತ್ತಿಗೆಲ್ಲ ಪಾತ್ರೆ ಖಾಲಿ. ನಾಲ್ಕು ಗಂಟೆಗೆ ಹಂಚಿದರೆ ಸಿಗುವುದು 2.6, ಅದೂ ಧ್ವನಿ ಸೇರಿ.

“ಇನ್ನೊಂದು ಪಾತ್ರೆ ಇಡು” ಎಂದರು ಚಿಕ್ಕಮ್ಮ. ತರ್ಕ ಸರಿಯೇ. 8.5 ಜಿಬಿಯ ಎರಡು ಪದರದ ಡಿಸ್ಕೂ ಇದೆ. ಆದರೆ ದೊಡ್ಡಪ್ಪನ ಪ್ಲೇಯರ್ ಅದನ್ನು ಒಂದು ಕ್ಷಣ ಮೂಸಿ ನೋಡಿ ಹೊರಗೆ ನೂಕುವ ಜಾತಿಯದು.

ಅಷ್ಟರಲ್ಲಿ ಚಿಕ್ಕಪ್ಪನಿಗೆ ವಾಲಗದ ಮೇಲೆ ಅಭಿಮಾನ ಉಕ್ಕಿತು. ಧ್ವನಿಯನ್ನು ಸ್ವಲ್ಪವೂ ಕುಗ್ಗಿಸಬಾರದಂತೆ. ಕುಗ್ಗಿಸದ ಸ್ಟೀರಿಯೊ ಧ್ವನಿಗೇ 1.5 ಮೆಗಾಬಿಟ್ ಬೇಕು. ಉಳಿದ 1.1ರಲ್ಲಿ ಚಿಕ್ಕಮ್ಮನ ಮುಖ ಚೌಕ ಚೌಕವಾಗಿ ಒಡೆಯುತ್ತಿತ್ತು. ಧ್ವನಿ ಕುಗ್ಗಿಸುವ ಡಾಲ್ಬಿ ವಿಧಾನದಲ್ಲಿ 192 ಕಿಲೋಬಿಟ್ ಕೊಟ್ಟು ಸುಮ್ಮನಾದೆ. ಮೂಲ ಕ್ಯಾಸೆಟ್‌ನಲ್ಲಿ ವಾಲಗಕ್ಕಿಂತ ಜನರೇಟರ್ ಸದ್ದೇ ಜೋರಾಗಿತ್ತೆಂದು ಯಾರೂ ಗಮನಿಸಲಿಲ್ಲ.

ಈ ಹಂಚಿಕೆಯಲ್ಲಿ ನ್ಯಾಯವಂತೂ ಇಲ್ಲ. ಡಿವಿಡಿಯ ಎಂಪೆಗ್-2 ವಿಧಾನವು ಹಿಂದಿನ ಚಿತ್ರಕ್ಕಿಂತ ಏನು ಬದಲಾಯಿತೋ ಅದನ್ನು ಬರೆಯಲು ಹೆಚ್ಚು ಬಿಟ್ ಖರ್ಚು ಮಾಡುತ್ತದೆ. ಮುಹೂರ್ತದುದ್ದಕ್ಕೂ ಅಲುಗಾಡದೆ ಕುಳಿತ ಪುರೋಹಿತರ ಖರ್ಚು ಅತಿ ಕಡಿಮೆ. ಹೋಮದ ಹೊಗೆ, ಮಿಣಿಮಿಣಿ ಸೀರಿಯಲ್ ದೀಪ ಕೇಳಿದಷ್ಟು ತಿನ್ನುತ್ತವೆ. ಎಲ್ಲಕ್ಕಿಂತ ದುಬಾರಿ ಮಳೆ. ಮೇ ಕೊನೆಯ ಮದುವೆ. ಧಾರೆಗೆ ಸರಿಯಾಗಿ ಚಪ್ಪರದ ಸೋಗೆಯಿಂದ ನೀರು ಇಳಿಯತೊಡಗಿತ್ತು. ಒಂದೊಂದು ಹನಿಯೂ ಪ್ರತಿ ಚಿತ್ರದಲ್ಲಿ ಬೇರೆ ಜಾಗದಲ್ಲಿರುತ್ತದೆ. ಚಿಕ್ಕಮ್ಮನ ಸೀರೆಯ ಅಂಚಿಗೆ ಸಲ್ಲಬೇಕಾದ ಬಿಟ್ಟುಗಳನ್ನೆಲ್ಲ ಅವರ ಹಿಂದಿನ ಸೋನೆ ನುಂಗುತ್ತಿತ್ತು.

ಇದಕ್ಕೆ ಉಪಾಯ ಕ್ಯಾಸೆಟ್‌ನಲ್ಲೇ ಇತ್ತು. ವಿಎಚ್‌ಎಸ್ ಟೇಪಿನಲ್ಲಿ ಅಡ್ಡಕ್ಕೆ ಇರುವ ವಿವರವೇ ಸುಮಾರು 240 ಗೆರೆಗಳಷ್ಟು. ಅದಕ್ಕೆ 720 ಚುಕ್ಕಿಯ ಅಗಲ ಬರಿಯ ದೌಲತ್ತು. ಡಿವಿಡಿಯ ನಿಯಮದಲ್ಲಿ 352ಕ್ಕೆ 576ರ ಅಳತೆಗೂ ಅವಕಾಶವಿದೆ. ಮದುವೆಯನ್ನು ಅದಕ್ಕೆ ಇಳಿಸಿದೆ, ಉಪನಯನಕ್ಕೆ ಪೂರ್ತಿ 720 ಕೊಟ್ಟೆ. ಬಿಟ್‌ರೇಟನ್ನು ಒಂದೇ ಸಮ ಇಡದೆ, ಎರಡು ಸುತ್ತಿನ ವಿಧಾನ ಆರಿಸಿದೆ. ಮೊದಲ ಸುತ್ತಿನಲ್ಲಿ ಕಂಪ್ಯೂಟರ್ ಇಡೀ ವಿಡಿಯೊ ನೋಡಿ ಎಲ್ಲಿ ಎಷ್ಟು ಬೇಕೆಂದು ಅಂದಾಜು ಮಾಡುತ್ತದೆ, ಎರಡನೆಯದರಲ್ಲಿ ಬರೆಯುತ್ತದೆ. ಆ ಮದುವೆಯನ್ನು ಮೊದಲಿನಿಂದ ಕೊನೆಯವರೆಗೆ ಎದ್ದುಹೋಗದೆ ನೋಡಿದ್ದು ನನ್ನ ಕಂಪ್ಯೂಟರ್ ಮಾತ್ರ, ಅದೂ ಎರಡು ಸಲ.

ಡಿಸ್ಕ್ ಬರೆಯುವಾಗ ಕರೆಂಟು ಹೋಯಿತು. ಆ ಡಿಸ್ಕ್ ಈಗ ಅಮ್ಮನ ತರಕಾರಿ ಮಡಿಯ ಮೇಲೆ ನೇತಾಡುತ್ತ ಹಕ್ಕಿ ಓಡಿಸುತ್ತಿದೆ. ಮುಂದಿನದು ಕೈಗೆ ಬಂತು.

ಆಷಾಢದಲ್ಲಿ ದೊಡ್ಡಪ್ಪನ ಮನೆಯಲ್ಲಿ ಹಾಕಿದರೆ, ಚಿಕ್ಕಮ್ಮ ಮತ್ತೆ ಅಗಲ! ನಡುಮನೆಯಲ್ಲಿ ಎಲ್ಲರ ಕಣ್ಣೂ ನನ್ನ ಮೇಲೆ. ಗುರುತು ಸರಿಯಿತ್ತು, ಪ್ಲೇಯರೂ ಸರಿಯಿತ್ತು. ಟಿವಿಯ ರಿಮೋಟ್ ಒತ್ತುತ್ತ ಹೋದಾಗ ತಿಳಿಯಿತು: ತಂದ ದಿನದಿಂದಲೂ ಆ ಟಿವಿ ಬಂದ ಚಿತ್ರವನ್ನೆಲ್ಲ ಅಂಚಿನಿಂದ ಅಂಚಿಗೆ ಎಳೆಯುವ ಸ್ಥಿತಿಯಲ್ಲಿತ್ತು. 4:3ಕ್ಕೆ ಬದಲಾಯಿಸಿದೆ.

“ಅಯ್ಯೋ, ಮದುವೆಯಲ್ಲಿ ಇವಳು ಇಷ್ಟು ಬಡವಾಗಿದ್ದಳೇ?” ಎಂದರು ಅಜ್ಜಿ. ಚಿಕ್ಕಮ್ಮನ ಮುಖ ಅರಳಿತು. ಚಿಕ್ಕಪ್ಪ ಜಾಗ್ರತೆಯಿಂದ ಬಾಯಿ ಮುಚ್ಚಿಕೊಂಡು ಹಲಸಿನ ಹಪ್ಪಳ ಮುರಿದರು.

ಅಷ್ಟರಲ್ಲಿ ವಾರ್ತೆಯ ಹೊತ್ತಾಯಿತು. ದೊಡ್ಡಪ್ಪ ಮದುವೆಯನ್ನು ಅರ್ಧಕ್ಕೆ ನಿಲ್ಲಿಸಿ ಚಾನೆಲ್ ಹಾಕಿದರು. ವಾರ್ತೆ ಓದುವವನನ್ನು ಕಂಡು ಅವರಿಗೆ ಗಾಬರಿ. “ಏನಾಯಿತೋ ಇವನಿಗೆ? ನಿನ್ನೆಯವರೆಗೂ ಗುಂಡುಗುಂಡಾಗಿದ್ದ!” ಎಂದವರೇ ರಿಮೋಟ್ ಕಿತ್ತುಕೊಂಡು, ಒಂದೊಂದೇ ಗುಂಡಿ ಒತ್ತಿ ಅವನನ್ನು ಮೊದಲಿನ ಆರೋಗ್ಯಕ್ಕೆ ತಂದು ನಿಟ್ಟುಸಿರು ಬಿಟ್ಟರು. ಊಟವಾದ ಮೇಲೆ ಮದುವೆಯ ಉಳಿದರ್ಧವೂ ಅದೇ ಆರೋಗ್ಯದಲ್ಲಿ ಮುಂದುವರಿಯಿತು.