ಕೆಳಗಿನಿಂದ 17ನೆಯವರ ಸಂಬಳ

ಅಮೆರಿಕದಲ್ಲಿ ಎಚ್‌-1ಬಿ, ಅಂದರೆ ಹೊರದೇಶದ ನುರಿತ ಕೆಲಸಗಾರರಿಗೆ ಕೊಡುವ ವೀಸಾ, ಇದರ ಮಾತು ಬಂದರೆ ಜಗಳವೆಲ್ಲ ಸಂಖ್ಯೆಯ ಮೇಲೆ. ವರ್ಷಕ್ಕೆ 65,000 ವೀಸಾ, ಇಲ್ಲಿಯೇ ಮಾಸ್ಟರ್ಸ್ ಮುಗಿಸಿದವರಿಗೆ ಇನ್ನೂ 20,000. ನನ್ನ ಪ್ರಕಾರ ಇಲ್ಲಿಯ ಕೆಲಸಗಾರರಿಗೆ ಪೆಟ್ಟು ಬೀಳುವುದು ಸಂಖ್ಯೆಯಿಂದಲ್ಲ, ಕಂಪನಿ ಕಾರ್ಮಿಕ ಇಲಾಖೆಗೆ ಕೊಡುವ ಎಲ್‌ಸಿಎ ಎಂಬ ಅರ್ಜಿಯಲ್ಲಿ ತುಂಬುವ ಕನಿಷ್ಠ ಸಂಬಳದ ಹಂತದಿಂದ. ನಮ್ಮವರು ಇಷ್ಟೊಂದು ಜನ ಇದೇ ವೀಸಾದಲ್ಲಿರುವಾಗ ಈ ಮಾತನ್ನು ನಾವೇ ಆಡಬೇಕು.

ಒಂದು ಊರಿನಲ್ಲಿ ಒಂದೇ ಕೆಲಸ ಮಾಡುವ 100 ಜನರನ್ನು ಸಂಬಳದ ಪ್ರಕಾರ ಸಾಲಾಗಿ ನಿಲ್ಲಿಸಿ. ಹಂತ 1 ಎಂದರೆ ಸುಮಾರಾಗಿ ಕೆಳಗಿನಿಂದ 17ನೆಯವರ ಸಂಬಳ, ಹಂತ 2 ಎಂದರೆ 34ನೆಯವರದು. ಸಾಲಿನ ನಡುಮಧ್ಯಕ್ಕೆ ಬರಬೇಕಾದರೆ ಹಂತ 3 ಬೇಕು. ಯಾವ ಹಂತ ಎಂದು ಆರಿಸುವುದು ಕಂಪನಿಯೇ. ಕಾರ್ಮಿಕ ಇಲಾಖೆಯವರು 7 ಕೆಲಸದ ದಿನಗಳಲ್ಲಿ ಅರ್ಜಿ ಪೂರ್ತಿಯಾಗಿದೆಯೇ, ಎದ್ದು ಕಾಣುವ ತಪ್ಪಿದೆಯೇ ಎಂದಷ್ಟೇ ನೋಡುತ್ತಾರೆ. ಹೀಗಾಗಿ ಐದಾರು ವರ್ಷ ಅನುಭವ ಬೇಡುವ ಕೆಲಸ ಕಾಗದದ ಮೇಲೆ ಹೊಸಬರ ಕೆಲಸವಾಗಿಬಿಡಬಹುದು. ಕಚೇರಿಯಲ್ಲಿ ಅದೇ ಕೆಲಸದವರಿಗೆ ಕೊಡುವುದು ಇದಕ್ಕಿಂತ ಹೆಚ್ಚಿದ್ದರೆ ಅದನ್ನೇ ಕೊಡಬೇಕು ಎಂಬ ನಿಯಮ ಇದೆ ನಿಜ. ಆದರೆ ಗುತ್ತಿಗೆ ಕಂಪನಿ ತನ್ನವರನ್ನೆಲ್ಲ ಕೆಳಹಂತದಲ್ಲೇ ಇಟ್ಟಿದ್ದರೆ ಹೋಲಿಸಲು ಯಾರಿದ್ದಾರೆ?

ಸ್ಥಳೀಯರನ್ನು ಮೊದಲು ಹುಡುಕಬೇಕು, ಅವರನ್ನು ತೆಗೆದು ಈ ಜಾಗ ತುಂಬಬಾರದು ಎಂಬ ಷರತ್ತು ಎಲ್ಲ ಕಂಪನಿಗಳಿಗೂ ಇಲ್ಲ. ಮುಖ್ಯವಾಗಿ ಸಿಬ್ಬಂದಿಯಲ್ಲಿ ಶೇ. 15 ಅಥವಾ ಅದಕ್ಕೂ ಹೆಚ್ಚು ಎಚ್‌-1ಬಿಯವರಿರುವ ದೊಡ್ಡ ಕಂಪನಿಗಳಿಗೆ. ಅವರೂ ಎಚ್‌-1ಬಿಯವರಿಗೆ ವರ್ಷಕ್ಕೆ 60,000 ಡಾಲರ್ ಸಂಬಳ ಕೊಟ್ಟರೆ ಷರತ್ತು ಬಿಟ್ಟುಹೋಗುತ್ತದೆ. ಆ 60,000 ಅನ್ನು 1998ರಲ್ಲಿ ಬರೆದಿಟ್ಟರು, ಇವತ್ತಿಗೂ ಅಷ್ಟೇ.

ಆಸ್ಟ್ರೇಲಿಯಾ ಇದೇ ತಪ್ಪು ಮಾಡಿ ತಿದ್ದಿಕೊಂಡಿತು. ಅಲ್ಲಿ ಹೊರದೇಶದ ನುರಿತ ಕೆಲಸಗಾರರಿಗೆ ಕೊಡಬೇಕಾದ ಕನಿಷ್ಠ ವಾರ್ಷಿಕ ಸಂಬಳ 2013ರಿಂದ ಹತ್ತು ವರ್ಷ 53,900 ಆಸ್ಟ್ರೇಲಿಯನ್ ಡಾಲರ್‌ಗೇ ನಿಂತಿತ್ತು. 2023ರ ಜುಲೈನಲ್ಲಿ 70,000 ಮಾಡಿದರು, ಆಮೇಲೆ ಪ್ರತಿ ಜುಲೈನಲ್ಲೂ ಏರಿಸುತ್ತಿದ್ದಾರೆ. 2024ರಲ್ಲಿ ಇನ್ನೊಂದು ಕೆಲಸವನ್ನೂ ಮಾಡಿದರು: ಕೆಲಸ ಬಿಟ್ಟವರು ಹೊಸ ಕಂಪನಿ ಹುಡುಕಿಕೊಳ್ಳಲು ಇದ್ದ 60 ದಿನವನ್ನು 180 ದಿನಕ್ಕೆ ಹೆಚ್ಚಿಸಿದರು. ಅಮೆರಿಕದಲ್ಲಿ ಇನ್ನೂ 60 ದಿನವೇ.

ಈ 60 ದಿನ ವೀಸಾದವರ ಕಷ್ಟ ಮಾತ್ರ ಎಂದುಕೊಂಡರೆ ತಪ್ಪು. ಭಾರತದಲ್ಲಿ ಹುಟ್ಟಿದವರು ಗ್ರೀನ್ ಕಾರ್ಡ್ ಸಾಲಿನಲ್ಲಿ ಹತ್ತು ವರ್ಷಕ್ಕೂ ಹೆಚ್ಚು ಕಾಯುತ್ತಾರೆ. ನಡುವೆ ಕಂಪನಿ ಬದಲಾಯಿಸಿದರೆ ಸಾಲಿನ ತಾರೀಖು ಸಾಮಾನ್ಯವಾಗಿ ಉಳಿಯುತ್ತದೆ, ಆದರೆ ಪರ್ಮ್‌ನಿಂದ, ಅಂದರೆ ಗ್ರೀನ್ ಕಾರ್ಡ್‌ಗೆ ಕಾರ್ಮಿಕ ಇಲಾಖೆಯಿಂದ ಪಡೆಯುವ ಮೊದಲ ಒಪ್ಪಿಗೆಯಿಂದ, ಮತ್ತೆ ಶುರು. ಹಾಗಾಗಿ ಸಂಬಳ ಹೆಚ್ಚಿಸಿ ಎಂದು ಕೇಳಲು ಬಾಯಿ ಬರುವುದಿಲ್ಲ. ಪಕ್ಕದ ಮೇಜಿನ ಅಮೆರಿಕನ್ನರ ಸಂಬಳವನ್ನೂ ಆ ಮೌನ ಹಿಡಿದು ನಿಲ್ಲಿಸುತ್ತದೆ.

ಲೆಕ್ಕ ಹಾಕಿದವರೂ ಇದ್ದಾರೆ. ಬೌಂಡ್, ಖನ್ನಾ, ಮೊರಾಲೆಸ್ ಎಂಬ ಅರ್ಥಶಾಸ್ತ್ರಜ್ಞರ ಅಂದಾಜಿನಂತೆ, 1990ರ ದಶಕದಲ್ಲಿ ಹೊರಗಿನವರ ಬರುವಿಕೆ ಹೆಚ್ಚದಿದ್ದರೆ 2001ರಲ್ಲಿ ಕಂಪ್ಯೂಟರ್ ವಿಜ್ಞಾನಿಗಳ ಸಂಬಳ ಶೇ. 2.6ರಿಂದ 5.1ರಷ್ಟು ಹೆಚ್ಚಿರುತ್ತಿತ್ತು. ಅದೇ ಲೆಕ್ಕದಲ್ಲಿ ಗ್ರಾಹಕರಿಗೂ ಕಂಪನಿಗಳಿಗೂ ಲಾಭವಾಗಿದೆ. ಇಡೀ ದೇಶ ಸೋತಿಲ್ಲ, ಒಂದೇ ಕಸುಬಿನವರು ಬೆಲೆ ತೆತ್ತಿದ್ದಾರೆ.

2025ರ ಸೆಪ್ಟೆಂಬರ್‌ನಲ್ಲಿ ಹೇರಿದ 1,00,000 ಡಾಲರ್ ಶುಲ್ಕ ಈ ಗಾಯಕ್ಕೆ ಮದ್ದಲ್ಲ. ಅದು ಮುಖ್ಯವಾಗಿ ಹೊರದೇಶದಲ್ಲಿರುವವರ ಹೊಸ ಅರ್ಜಿಗೆ. ಒಳಗೆ ಇರುವವರ ಸಂಬಳದ ಹಂತವನ್ನಾಗಲಿ 60 ದಿನವನ್ನಾಗಲಿ ಮುಟ್ಟುವುದಿಲ್ಲ. ಬಾಗಿಲು ಮುಚ್ಚಿದರೆ ದೊಡ್ಡ ಕಂಪನಿಗಳು ಆ ಕೆಲಸವನ್ನೇ ಬೆಂಗಳೂರಿಗೆ ಕಳಿಸಬಲ್ಲವು. ಊರಿನವರಿಗೆ ಅದು ಒಳ್ಳೆಯದೇ. ಇಲ್ಲಿ ಕೆಲಸ ಕಳೆದುಕೊಂಡವರಿಗೆ ಮಾತ್ರ ಏನೂ ಸಿಗುವುದಿಲ್ಲ.

ಹಂತ 1 ಅನ್ನು ಸಾಲಿನ ನಡುವಿಗೆ ಏರಿಸುವ ಕಾನೂನು ಬರುವವರೆಗೆ ಇರುವುದನ್ನಾದರೂ ಬಳಸಿ. ಕೆಲಸಕ್ಕೆ ಸೇರುವ ದಿನದೊಳಗೆ ಎಲ್‌ಸಿಎ ಪ್ರತಿ ನಿಮ್ಮ ಕೈಗೆ ಬರಬೇಕು. ಅದರಲ್ಲಿ ಹಂತ ಯಾವುದು, ಕೆಲಸದ ಜಾಗ ಯಾವುದು ನೋಡಿ. ಕಂಪನಿಯಲ್ಲಿರುವ ಎಲ್‌ಸಿಎ ಕಡತವನ್ನು ಯಾರು ಬೇಕಾದರೂ ಕೇಳಿ ನೋಡಬಹುದು, ಪಕ್ಕದ ಮೇಜಿನವರೂ ಕೂಡ. ಸುಳ್ಳಿದ್ದರೆ 12 ತಿಂಗಳೊಳಗೆ ಕಾರ್ಮಿಕ ಇಲಾಖೆಯ ವೇತನ ವಿಭಾಗಕ್ಕೆ ಡಬ್ಲ್ಯೂಎಚ್‌-4 ಅರ್ಜಿಯಲ್ಲಿ ದೂರು ಕೊಡಬೇಕು.